ಹೊತ್ತಲ್ಲದ ಹೊತ್ತಿನ ಗಂಟೆ

೧೨ ಜುಲೈ ೧೯೭೬, ಸೋಮವಾರ

ಇವತ್ತೂ ಸೀಮೆಸುಣ್ಣ ಇಲ್ಲ. ಹಲಗೂರಿನ ಅಂಗಡಿಯವನು ‘ನಾಳೆ ಬರ್ತದೆ ಮೇಡಂ’ ಎಂದು ಜೂನ್‌ನಿಂದ ಹೇಳುತ್ತಿದ್ದಾನೆ. ಅವನ ನಾಳೆಗೆ ನನ್ನ ನಮಸ್ಕಾರ. ಇದ್ದಿಲಲ್ಲಿ ಬರೆದೆ.

ಪುಟ್ಟಮಾದಮ್ಮ ನೀರಿನ ಕೊಡ ಇಳಿಸಿ ಎಂದಿನಂತೆ ಶಾಲೆ ಜಗಲಿ ಮೇಲೆ ಕಾಲು ಚಾಚಿದಳು. ಅವಳ ಮನೆ ಶಾಲೆಗೆ ಅಂಟಿಕೊಂಡೇ ಇದೆ. ಹಿಂದಿನ ಕೋಣೆ ನನಗೆ ಬಾಡಿಗೆಗೆ. ಊರಿಗೆ ನಾನೊಬ್ಬಳೇ ಟೀಚರು, ಅವಳೊಬ್ಬಳೇ ಪೇಪರು. ಇವತ್ತಿನ ಸುದ್ದಿ — ಕಬ್ಬಿನ ಗದ್ದೆಯ ಧಣಿ ಚೌಡಯ್ಯನವರ ಆಲೆಮನೆ ಹಿಂದೆ ಗುಡಿಸಲು ಎದ್ದಿವೆ. ಸಿಲೋನಿನವರಂತೆ.

‘ಅಡವಿ ಜನ ಕಣಮ್ಮ. ಬೆಟ್ಟದ್ ಮ್ಯಾಲೆ ಟೀ ಸೊಪ್ ಕುಯ್ಕೊಂಡಿದ್ರಂತೆ. ಅಕ್ಕಿ ಅಲ್ಲ, ಸೊಪ್ಪೇ ತಿಂತರೆ ಅಂತಾರಪ್ಪ.’

ತಿನ್ನುವುದಿಲ್ಲ, ಸುಮ್ಮನಿರು ಎಂದೆ. ಪೇಪರಿನಲ್ಲಿ ಓದಿದ್ದೇನೆ. ಟೀ ತೋಟದ ಕೂಲಿಗೆಂದು ಮುತ್ತಾತನ ಕಾಲದಲ್ಲಿ ಹೋದ ತಮಿಳರು. ಎರಡು ಸರ್ಕಾರಗಳು ಮಾತಾಡಿಕೊಂಡು ಇವರನ್ನು ಹಡಗು ಹತ್ತಿಸಿ ಈ ಕಡೆಗೆ ಕಳಿಸಿವೆ. ರಾಮೇಶ್ವರದ ಕಡೆ ಕ್ಯಾಂಪಿನಲ್ಲಿದ್ದವರನ್ನು ಯಾವನೋ ಮೇಸ್ತ್ರಿ ಕಬ್ಬು ಕಡಿಯಲು ಕರೆತಂದಿದ್ದಾನೆ. ಮಕ್ಕಳಿವೆ. ಒಂದೂ ಶಾಲೆಯ ಕಡೆ ತಲೆ ಹಾಕಿಲ್ಲ.

ನಾಳೆ ನಾನೇ ಹೋಗುತ್ತೇನೆ. ತಮಿಳು ತಾನೇ? ಮಂಡ್ಯದ ಅಯ್ಯಂಗಾರರ ಮನೆಯಲ್ಲಿ ಹುಟ್ಟಿ ಅಷ್ಟೂ ಬಾರದಿದ್ದರೆ ಹೇಗೆ. ನನ್ನಿಂದಾಗದ್ದು ಇನ್ಯಾರಿಂದ ಆದೀತು.

೧೩ ಜುಲೈ

ಹೋದೆ. ಬಾಯಿ ತೆರೆದೆ. ಕೂತಿದ್ದವರೆಲ್ಲ ಧಡಕ್ಕನೆ ಎದ್ದು ನಿಂತರು. ಗಂಡಸರ ಹೆಗಲ ಮೇಲಿನ ಟವಲು ಕಂಕುಳಿಗೆ ಇಳಿಯಿತು. ಹೆಂಗಸರು ಮಕ್ಕಳನ್ನು ಒಳಕ್ಕೆ ತಳ್ಳಿದರು. ಓದು, ಬರಹ, ಮಧ್ಯಾಹ್ನದ ಉಪ್ಪಿಟ್ಟು — ಎಲ್ಲ ಹೇಳಿದೆ. ಎಲ್ಲದಕ್ಕೂ ‘ಸರಿಂಗಮ್ಮಾ, ಸರಿಂಗಮ್ಮಾ’. ಒಬ್ಬರೂ ಮುಖ ಎತ್ತಲಿಲ್ಲ.

ಇಷ್ಟು ಮರ್ಯಾದೆ ನನಗೆ ಯಾರೂ ಕೊಟ್ಟಿರಲಿಲ್ಲ. ಖುಷಿಯಿಂದಲೇ ಬಂದೆ.

೧೬ ಜುಲೈ, ಶುಕ್ರವಾರ

ಒಂದು ಮಗುವೂ ಬರಲಿಲ್ಲ. ಬುಧವಾರ ಇಲ್ಲ, ನಿನ್ನೆ ಇಲ್ಲ, ಇವತ್ತೂ ಇಲ್ಲ. ಸಂಜೆ ಬಾವಿಯ ಹತ್ತಿರ ಅವರ ಪೈಕಿ ಹಿರಿಯ ಹೆಂಗಸು ಸಿಕ್ಕಳು. ಹೆಸರು ಮೂಕಾಯಿ. ಸುಕ್ಕುಗಟ್ಟಿದ ಮುಖ, ಕಣ್ಣು ಮಾತ್ರ ಚುರುಕು. ನಾನು ಸಿಟ್ಟಿನಲ್ಲೇ ಕೇಳಿದೆ — ಸರಿ ಸರಿ ಅಂದಿರಲ್ಲ, ಎಲ್ಲಿ ಮಕ್ಕಳು?

ಸುತ್ತ ನೋಡಿ ಮೆಲ್ಲಗೆ ಹೇಳಿದಳು. (ಅವಳು ಹೇಳಿದ್ದು ತಮಿಳಿನಲ್ಲಿ, ನಾನು ಬರೆಯುವುದು ನನಗೆ ಬಂದ ಹಾಗೆ.) ‘ನೀವು ಆಡೋ ತಮಿಳು ತೋಟದ ಆಫೀಸಿನ ಗುಮಾಸ್ತರ ತಮಿಳು, ಟೀಚರಮ್ಮ. ಅದು ಕಿವಿಗೆ ಬಿದ್ದರೆ ಕಾಲು ತಾನಾಗೇ ಎದ್ದು ನಿಲ್ಲುತ್ತೆ. ಗಂಟು ಕಟ್ಟಿ, ಹಡಗು ಹತ್ತಿ ಅಂದಿದ್ದೂ ಅದೇ ತಮಿಳಲ್ಲಿ. ನೀವು ಕನ್ನಡದಲ್ಲೇ ಮಾತಾಡಿ. ಅರ್ಥ ಆಗದಿದ್ದರೂ ಹೆದರಿಕೆ ಆಗಲ್ಲ.’

ಮುಖಕ್ಕೆ ಹೊಡೆದ ಹಾಗಾಯಿತು. ನಮ್ಮಮ್ಮ ನನ್ನನ್ನು ತೂಗಿ ಮಲಗಿಸಿದ ಮಾತು. ಇವರಿಗೆ ಅದು ಪೊಲೀಸಿನ ಮಾತಿನ ಹಾಗೆ ಕೇಳಿಸುತ್ತದೆ.

೨ ಆಗಸ್ಟ್, ಸೋಮವಾರ

ಕನ್ನಡ, ಕೈಸನ್ನೆ, ನಗು. ಪರವಾಗಿಲ್ಲ, ನಡೆಯುತ್ತಿದೆ. ಮೂಕಾಯಿಯ ಮಗಳು ಚೆಲ್ಲಮ್ಮ ಬಾಗಿಲವರೆಗೆ ಬರುತ್ತಾಳೆ, ಒಳಗೆ ಬರುವುದಿಲ್ಲ. ಸೊಂಟದ ಮೇಲೆ ಯಾವಾಗಲೂ ಅಣ್ಣನ ಮಗು, ಪಾಂಡಿ. ಎಲ್ಲ ಹುಡುಗಿಯರ ಸೊಂಟದ ಮೇಲೂ ಒಂದೊಂದು ಮಗು. ದೊಡ್ಡವರೆಲ್ಲ ಬೆಳಗ್ಗೆಯೇ ಕಬ್ಬಿನ ಗದ್ದೆಗೆ. ಈ ಮಕ್ಕಳು ಆ ಮಕ್ಕಳನ್ನು ನೋಡಿಕೊಳ್ಳಬೇಕು. ಇನ್ನು ಶಾಲೆಗೆ ಬರುವವರು ಯಾರು?

ಇವತ್ತು ಗುಡಿಸಲಿಗೆ ಹೋದಾಗ ಮೂಕಾಯಿ ತೇತ್ತಣ್ಣಿ ತಂದಿಟ್ಟಳು. ಹಾಲಿಲ್ಲದ ಟೀ, ಲೋಟದ ತುಂಬ. ಅಂಗೈ ಮೇಲೆ ಬೆಲ್ಲದ ಚೂರು. ಬೆಲ್ಲ ಕಚ್ಚಿ ಟೀ ಕುಡಿಯುವುದು ಅವರ ಪದ್ಧತಿ. ನನ್ನ ಕೈ ಮುಂದೆ ಹೋಗಲಿಲ್ಲ. ಹುಟ್ಟಿದಾಗಿನಿಂದ ನಮ್ಮವರಲ್ಲದವರ ಮನೆಯ ನೀರು ಮುಟ್ಟಿದವಳಲ್ಲ. ನನ್ನ ಚೀಲದಲ್ಲಿ ನನ್ನದೇ ನೀರಿನ ಸೀಸೆ. ಮೂಕಾಯಿ ಸೀಸೆಯನ್ನೂ ನೋಡಿದಳು, ನನ್ನನ್ನೂ ನೋಡಿದಳು. ಲೋಟ ವಾಪಸು ತೆಗೆಯಲು ಬಗ್ಗಿದಳು.

ಕುಡಿದುಬಿಟ್ಟೆ. ಬಾಯಿ ಸುಟ್ಟಿತು. ಅಮ್ಮನಿಗೆ ಹೇಳುವ ಅಗತ್ಯವಿಲ್ಲ. ಸೊಂಟದ ಮೂಳೆ ಮುರಿದು ಮಂಡ್ಯದಲ್ಲಿ ಮಲಗಿದವಳಿಗೆ ಇದೊಂದು ಕಡಿಮೆಯಾಗಿತ್ತೆ.

ಕುಡಿದ ಮೇಲೆ ಮೂಕಾಯಿ ಮಾತಾಡಿದಳು. ತೋಟದಲ್ಲಿ ಪುಳ್ಳೆಕಾಂಬರಾ ಅಂತ ಇತ್ತಂತೆ, ಮಕ್ಕಳ ಕೋಣೆ. ತೊಲೆಗೆ ಸೀರೆ ಜೋಲಿಗಳು, ನೋಡಿಕೊಳ್ಳಲು ಒಬ್ಬ ಆಯಾ. ತಾಯಂದಿರು ಬೆಟ್ಟದ ಮೇಲೆ ಎಲೆ ಕೊಯ್ಯುತ್ತಿದ್ದರೂ ನಿಶ್ಚಿಂತೆ. ‘ಇಲ್ಲಿ ಅದಿಲ್ಲವಲ್ಲ’ ಎಂದಳು.

ಆಮೇಲೆ ಪಾಂಡಿಯ ಅಣ್ಣನ ವಿಷಯ. ಮೂಕಾಯಿಯ ಮಗ ವೇಲುವಿನ ಮೊದಲ ಮಗು. ಹಡಗು ಇಳಿದ ಮೇಲೆ ಕ್ಯಾಂಪಿನಲ್ಲಿ ಜ್ವರ. ಯಾರೋ ಜೀಪಿನಲ್ಲಿ ಬಂದು, ಆಸ್ಪತ್ರೆಗೆ ಹಾಕಿದ್ದೇವೆ, ಚೆನ್ನಾಗಿದೆ, ನೀನು ಕಾಗದಪತ್ರದ ಕ್ಯೂ ಬಿಡಬೇಡ ಎಂದರಂತೆ. ವೇಲು ಬಿಡಲಿಲ್ಲ. ಕ್ಯೂ ಮುಗಿಸಿ ಹೋದಾಗ ಮಗುವನ್ನು ಮಣ್ಣು ಮಾಡಿಯಾಗಿತ್ತು.

ವೇಲು ಅಲ್ಲೇ ಮಚ್ಚು ಮಸೆಯುತ್ತಿದ್ದ. ತಲೆ ಎತ್ತಲಿಲ್ಲ.

೪ ಆಗಸ್ಟ್

ಶಾಲೆಯ ತೊಲೆಗೆ ಜೋಲಿ ಕಟ್ಟಿಸಿದೆ. ಹೌದು, ಶಾಲೆಯಲ್ಲೇ. ಹುಡುಗಿಯರು ಮಗುವನ್ನು ಜೋಲಿಗೆ ಹಾಕಿ ಕಾಲಿನಿಂದ ತೂಗುತ್ತ ಅ ಆ ಇ ಈ ಬರೆಯಬಹುದು. ಪುಟ್ಟಮಾದಮ್ಮ ಬಾಯಿ ಮೇಲೆ ಕೈ ಇಟ್ಟಳು. ‘ಅಯ್ಯೋ ಸಿವನೇ! ಇಸ್ಕೂಲ್ನ ಬಾಣಂತಿ ಮನೆ ಮಾಡ್ಬುಟ್ರಲ್ಲ ಟೀಚರಮ್ಮ!’ ಆದರೆ ಮಧ್ಯಾಹ್ನ ನೋಡಿದರೆ ಅವಳೇ ಒಂದು ಜೋಲಿ ತೂಗುತ್ತಿದ್ದಾಳೆ, ಹಾಡು ಬೇರೆ.

ಮೂಕಾಯಿಯದು ಒಂದೇ ಪ್ರಶ್ನೆ. ನಾವು ದೂರ ಇರ್ತೀವಿ. ಮಕ್ಕಳಿಗೆ ಏನಾದರೂ ಆದರೆ ಹೇಗೆ ಗೊತ್ತಾಗಬೇಕು?

ಗಂಟೆ ತೋರಿಸಿದೆ. ಗಂಟೆ ಅಂದರೆ ಹುಣಸೆಮರಕ್ಕೆ ನೇತುಹಾಕಿದ ರೈಲುಕಂಬಿ ತುಂಡು. ಹೊಡೆದರೆ ಆಲೆಮನೆಯಾಚೆಗೂ ಕೇಳುತ್ತದೆ. ಬೆಳಿಗ್ಗೆ, ಊಟಕ್ಕೆ, ಸಂಜೆ — ಅದು ಬಿಟ್ಟು ಹೊತ್ತಲ್ಲದ ಹೊತ್ತಿನಲ್ಲಿ ಹೊಡೆದರೆ ಬನ್ನಿ. ಇಲ್ಲದಿದ್ದರೆ ಮಕ್ಕಳು ಚೆನ್ನಾಗಿದ್ದಾರೆ ಎಂದು ತಿಳಿಯಿರಿ. ನನ್ನ ತಲೆ ಮೇಲೆ ಕೈ ಇಟ್ಟು ಹೇಳಿದೆ.

೯ ಸೆಪ್ಟೆಂಬರ್, ಗುರುವಾರ

ಮಧ್ಯಾಹ್ನ ಸೌದೆ ಸಂದಿಯಿಂದ ಚೇಳು. ಗುಡಿಸಲ ಕಡೆಯ ಹುಡುಗಿಯೊಬ್ಬಳಿಗೆ ಕುಟುಕಿತು. ಓಡಿಹೋಗಿ ಕಂಬಿ ಹೊಡೆದೆ, ಒಂದೇ ಸಮ. ಕಬ್ಬು ಸೀಳಿಕೊಂಡು ಬಂದರು ನೋಡು — ಗಂಡಸರು, ಹೆಂಗಸರು, ಕೈಯಲ್ಲಿ ಮಚ್ಚು, ಮೈಯೆಲ್ಲ ಗರಿ ತರಿದ ಗೀರು. ಎಲ್ಲರಿಗಿಂತ ಮುಂದೆ ವೇಲು. ಆ ಮಗುವನ್ನು ಹೆಗಲಿಗೆ ಹಾಕಿಕೊಂಡು ಹಲಗೂರಿಗೆ ಓಡಿದವನೂ ಅವನೇ.

ಹುಡುಗಿ ಉಳಿದಳು. ಊರೆಲ್ಲ ನಿಂತು ನೋಡಿತು. ಚೌಡಯ್ಯನವರಿಗೆ ಮಾತ್ರ ಸಿಟ್ಟು. ‘ಏನಮ್ಮ ಇದು! ಕಂಬಿ ಒಡುದ್ರೆ ಗದ್ದೆ ಬುಟ್ಟು ಓಡ್ ಬತ್ತವೆ. ನಾನ್ ಕೂಗುದ್ರೆ ತಿರುಗ್ಯೂ ನೋಡಾಕಿಲ್ಲ.’

ನನಗೆ ಹೆಮ್ಮೆ. ಯಾಕೆ ಸುಳ್ಳು. ಹೆಮ್ಮೆಯಾಯಿತು.

೮ ನವೆಂಬರ್, ಸೋಮವಾರ

ಬರೆಯಲು ಪುರುಸೊತ್ತೇ ಆಗಿರಲಿಲ್ಲ. ಚೆಲ್ಲಮ್ಮ ಪಾಠ ಓದುತ್ತಾಳೆ. ಪಾಂಡಿ ಅಂಬೆಗಾಲಿಡುತ್ತಾನೆ. ಒಳ್ಳೆಯ ದಿನಗಳಲ್ಲಿ ಡೈರಿ ಯಾರಿಗೆ ಬೇಕು.

ಇವತ್ತು ಬೇಕು. ಮಳವಳ್ಳಿಯಲ್ಲಿ ಟೀಚರುಗಳ ಮೀಟಿಂಗ್. ಪಾಠದ ವಿಷಯ ಒಂದೂ ಇಲ್ಲ. ಮಕ್ಕಳಾಗದಂತೆ ಮಾಡುವ ಆಪರೇಶನ್, ಆಪರೇಶನ್. ಪ್ರತಿ ಟೀಚರೂ ಇಬ್ಬರು ಗಂಡಸರನ್ನು ತರಬೇಕು. ‘ಕೇಸು’ ಅನ್ನುತ್ತಾರೆ. ಮನುಷ್ಯ ಅಲ್ಲ, ಕೇಸು. ತರದವರಿಗೆ ಟ್ರಾನ್ಸ್‌ಫರ್. ನನ್ನ ಮುಖ ನೋಡಿಯೇ ಒಬ್ಬರು ‘ನಾಗಮಂಗಲದ ಆ ಮೂಲೆಯಲ್ಲಿ ಬಸ್ಸೂ ಇಲ್ಲವಂತೆ’ ಎಂದರು. ಅಲ್ಲಿ ಹಾಕಿದರೆ ಶನಿವಾರ ಮಂಡ್ಯಕ್ಕೆ ಹೋಗುವುದು ಹೇಗೆ? ಅಮ್ಮನನ್ನು ಎತ್ತಿ ಕೂರಿಸಿ ಸ್ನಾನ ಮಾಡಿಸುವವರು ಯಾರು?

ಯಾರೂ ಎದುರು ಮಾತಾಡಲಿಲ್ಲ. ಎಮರ್ಜೆನ್ಸಿ. ಗಂಟಲಿಗೆಲ್ಲ ಬೀಗ. ನನ್ನದಕ್ಕೂ.

ಇನ್ಸ್‌ಪೆಕ್ಟರ್ ಅನಂತರಾಮು ಸರ್ ಹೊರಗೆ ಮರದ ಕೆಳಗೆ ಒಬ್ಬರೇ ನಿಂತಿದ್ದರು. ಮೊದಲೆಲ್ಲ ಶಾಲೆಗೆ ಬಂದರೆ ಮಕ್ಕಳ ಹತ್ತಿರ ಹಾಡು ಹೇಳಿಸುತ್ತಿದ್ದವರು. ‘ನನಗೂ ಟಾರ್ಗೆಟ್ ಇದೆ, ರಂಗನಾಯಕಮ್ಮ. ಮೊದಲನೇ ಕೇಸು ನಾನೇ. ಇರೋದು ಒಬ್ಬಳೇ ಮಗಳು.’ ಬಸ್ಸು ಬಂತು, ಹತ್ತಿದೆ.

೨೨ ನವೆಂಬರ್, ಸೋಮವಾರ

ಅನಂತರಾಮು ಸರ್ ಬಂದಿದ್ದರು. ಜೊತೆಗೆ ಆಪರೇಶನ್ ಕ್ಯಾಂಪಿನವನೊಬ್ಬ — ಟೆರಿಲಿನ್ ಷರಟು, ಬಾಯಲ್ಲಿ ಎಲೆ ಅಡಿಕೆ. ಚೌಡಯ್ಯನವರು ಕುರ್ಚಿ ಹಾಕಿಸಿ ಎಳನೀರು ಕೊಟ್ಟರು. ಶಾಲೆ ಅಂಗಳದಲ್ಲೇ, ನನ್ನ ಎದುರಿಗೇ ಮಾತು.

‘ನಮ್ಮೂರ್ ಗಂಡುಸ್ರು ತಂಟೆ ಬ್ಯಾಡಿ ಸೋಮಿ. ನಾಳೆ ಅವ್ರ ಮಕ ನೋಡ್ಬೇಕಲ್ಲ ನಾನು. ಆ ಸಿಲೋನ್ನೋರವ್ರಲ್ಲ, ಅವ್ರುನ್ನ ತುಂಬ್ಕೊಂಡೋಗಿ. ಕೇಳೋರ್ ಯಾರವ್ರೆ ಅವ್ರಿಗೆ?’

ಗದ್ದೆಗೆ ಜೀಪು ಹೋದರೆ ಕಬ್ಬಿನೊಳಗೆ ತಪ್ಪಿಸಿಕೊಳ್ಳುತ್ತಾರೆ, ಹಿಡಿಯುವುದು ಹೇಗೆ ಎಂದ ಕ್ಯಾಂಪಿನವನು.

ಚೌಡಯ್ಯನವರು ಹುಣಸೆಮರದ ಕಡೆ ಗದ್ದ ಎತ್ತಿ ತೋರಿಸಿದರು. ‘ಹಿಡಿಯಾದ್ಯಾಕೆ? ಟೀಚರಮ್ಮ ಆ ಕಂಬಿ ಒಡುದ್ರೆ ಅವೇ ಓಡ್ ಬತ್ತವೆ.’

ಗುರುವಾರ ಹನ್ನೊಂದಕ್ಕೆ ಜೀಪು. ನಾನು ಹೊಡೆಯಬೇಕು. ಬಂದವರಿಗೆ ರೇಷನ್ ಕಾರ್ಡು ಎಂದು ಹೇಳಿ ಹತ್ತಿಸುವುದು. ನನ್ನ ಎರಡು ಕೇಸೂ ಅದರಲ್ಲೇ ಮುಗಿಯುತ್ತದಂತೆ — ಅನಂತರಾಮು ಸರ್ ನನಗೆ ಉಪಕಾರ ಮಾಡುವವರ ಹಾಗೆ ಮೆಲ್ಲಗೆ ಹೇಳಿದರು.

ಆಗುವುದಿಲ್ಲ ಎನ್ನಬೇಕಿತ್ತು. ‘ನೋಡೋಣ ಸರ್’ ಎಂದೆ.

೨೪ ನವೆಂಬರ್, ಬುಧವಾರ ಸಂಜೆ

ಹೇಳಿಬಿಟ್ಟೆ. ಗುಡಿಸಲಿಗೆ ಹೋಗಿ ಮೂಕಾಯಿಯ ಮುಂದೆ ಎಲ್ಲ ಹೇಳಿದೆ. ನಾಳೆ ಜೀಪು ಬರುತ್ತೆ. ಗಂಡಸರನ್ನು ಹೊತ್ತುಕೊಂಡು ಹೋಗಿ ಇನ್ನು ಮಕ್ಕಳಾಗದ ಹಾಗೆ ಮಾಡುತ್ತಾರೆ. ನನ್ನ ಕೈಯಲ್ಲಿ ಗಂಟೆ ಹೊಡೆಸುತ್ತಾರೆ. ಬರಬೇಡಿ. ಎಷ್ಟು ಹೊಡೆದರೂ ಬರಬೇಡಿ. ಮಕ್ಕಳನ್ನು ನಾಳೆ ಕಳಿಸಲೇಬೇಡಿ.

ಒಲೆಯಲ್ಲಿ ಕಬ್ಬಿನ ಸಿಪ್ಪೆ ಚಟಪಟ ಎನ್ನುತ್ತಿತ್ತು. ನಾನು ನಂಬಿಸಿ ಕಟ್ಟಿದ್ದನ್ನು ನಾನೇ ಬಂದು ನಂಬಬೇಡಿ ಎನ್ನುತ್ತಿದ್ದೇನೆ.

ಮೂಕಾಯಿ ಕೊನೆಗೆ ಎಂದಳು — ‘ಮಕ್ಕಳು ಬರದಿದ್ದರೆ ನೀವು ಹೇಳಿದ್ದು ಅವರಿಗೆ ಗೊತ್ತಾಗುತ್ತೆ. ನಿಮಗೆ ತೊಂದರೆ. ಮಕ್ಕಳು ಬರ್ತವೆ. ನಾವು ಬರಲ್ಲ.’

ಬೇಡ ಎಂದೆ. ಕೇಳಲಿಲ್ಲ. ಸೊಸೆ ರಾಸಾತಿ ಪಾಂಡಿಯನ್ನು ತೊಡೆ ಮೇಲೆ ಹಾಕಿಕೊಂಡು ಅಳುತ್ತಿದ್ದಳು, ಸದ್ದಿಲ್ಲದೆ. ವೇಲು ಬಾಗಿಲಲ್ಲಿ ನಿಂತಿದ್ದ. ನೀನು ಬರಬೇಡ, ಕೇಳಿಸಿತಾ ಎಂದೆ. ತಲೆಯಾಡಿಸಿದ.

ತೇತ್ತಣ್ಣಿ ಕುಡಿದು ಬಂದೆ. ಇವತ್ತು ಬೆಲ್ಲ ನಾನೇ ಕೇಳಿ ಇಸಕೊಂಡೆ.

೨೫ ನವೆಂಬರ್, ಗುರುವಾರ

ಆದ ಹಾಗೆಯೇ ಬರೆಯಬೇಕು. ಇಲ್ಲದಿದ್ದರೆ ನಾಳೆ ನನಗೆ ಬೇಕಾದ ಹಾಗೆ ನೆನಪಿಟ್ಟುಕೊಳ್ಳುತ್ತೇನೆ.

ಮಕ್ಕಳೆಲ್ಲ ಬಂದರು. ಚೆಲ್ಲಮ್ಮ ಪಾಂಡಿಯನ್ನು ಜೋಲಿಗೆ ಹಾಕುತ್ತ, ‘ಟೀಚರ್, ಇವನಿಗೆ ಜ್ವರ, ಅಣ್ಣ ಮುಟ್ಟಿ ನೋಡಿ ಹೋದ’ ಎಂದಳು. ಮೈ ಕಾದಿತ್ತು. ವಾಪಸು ಕಳಿಸೋಣ ಎನ್ನುವಷ್ಟರಲ್ಲಿ ಜೀಪಿನ ಸದ್ದು. ಹನ್ನೊಂದಕ್ಕೆ ಎಂದವರು ಹತ್ತಕ್ಕೇ ಬಂದಿದ್ದರು. ಕ್ಯಾಂಪಿನವನು ಒಳಗೆ ಇಣುಕಿ ಜೋಲಿಗಳನ್ನು ನೋಡಿ ನಕ್ಕ. ಚೆಲ್ಲಮ್ಮ ಮತ್ತೆ ‘ಪಾಂಡಿಗೆ ಜ್ವರ, ಟೀಚರ್’ ಎಂದದ್ದು ಅವನ ಕಿವಿಗೂ ಬಿತ್ತು.

‘ಹೊಡೀರಿ ಮೇಡಂ’ ಎಂದರು ಅನಂತರಾಮು ಸರ್. ನನ್ನ ಕಡೆ ನೋಡದೆ.

ನಾನೇ ಹೊಡೆದೆ. ಈ ಕೈಯಲ್ಲೇ. ಕಬ್ಬಿನ ಗದ್ದೆಯಲ್ಲಿ ಮಚ್ಚಿನ ಸದ್ದು ಗಕ್ಕನೆ ನಿಂತಿತು. ಕೇಳಿಸಿಕೊಂಡಿದ್ದಾರೆ. ಕಾಯ್ದೆವು. ಗರಿ ಅಲುಗಲಿಲ್ಲ. ಯಾರೂ ಬರಲಿಲ್ಲ. ಒಳಗೊಳಗೇ ಕುಣಿಯುವಷ್ಟು ಸಂತೋಷ — ನನ್ನ ಮಾತು ನಂಬಿದರು, ನನ್ನ ಮಾತು ನಂಬಿದರು!

ಚೌಡಯ್ಯನವರು ಹುಬ್ಬು ಗಂಟು ಹಾಕಿದರು. ‘ಇನ್ನೊಂದ್ಸಲ ಒಡೀಮ್ಮ. ಜೋರಾಗ್ ಒಡಿ.’ ಹೊಡೆದೆ. ಬರುವುದಿಲ್ಲ ಎಂಬ ಧೈರ್ಯದಲ್ಲಿ ಜೋರಾಗಿಯೇ ಹೊಡೆದೆ.

ಆಗ ಗರಿ ಅಲುಗಿತು. ವೇಲು. ಒಬ್ಬನೇ.

ಗೊತ್ತಿದ್ದೂ ಬಂದ. ಜೀಪು ನೋಡಿದ, ಇವರನ್ನೆಲ್ಲ ನೋಡಿದ, ನಿಲ್ಲಲಿಲ್ಲ. ನೇರ ನನ್ನ ಹತ್ತಿರ ಬಂದು ‘ಪಾಂಡಿ?’ ಎಂದ. ಅಷ್ಟೇ.

ಕ್ಯಾಂಪಿನವನು ನನಗಿಂತ ಮೊದಲು ಬಾಯಿ ಹಾಕಿದ. ‘ನಿನ್ ಮಗೂಗೆ ಜ್ವರ ಜಾಸ್ತಿ ಆಯ್ತು ಕಣಪ್ಪ. ಮಳವಳ್ಳಿ ಆಸ್ಪತ್ರೆಗೆ ಕಳ್ಸಿದೀವಿ. ಹತ್ತು, ಬೇಗ ಹತ್ತು.’

ಜ್ವರ, ಆಸ್ಪತ್ರೆ — ಆ ಎರಡು ಮಾತು ವೇಲುವಿಗೆ ತಿಳಿಯದೆ ಇರುತ್ತದೆಯೆ. ಅವನ ಮುಖ ಬೂದಿಯಾಯಿತು. ನನ್ನ ಕಡೆ ತಿರುಗಿದ. ನಿಜವಾ ಎಂದು ಕೇಳುವ ಹಾಗೆ.

ನಾನು ಬಾಯಿ ಬಿಡಲಿಲ್ಲ. ಬರೆಯಬೇಕಾದ್ದು ಇದೇ. ಅಮ್ಮ ಕಣ್ಣ ಮುಂದೆ ಬಂದಳು. ನಾಗಮಂಗಲದ ಮೂಲೆ ಬಂತು. ಅವನು ಜೀಪು ಹತ್ತಿ ಕೂತ, ತಾನಾಗೇ. ಡ್ರೈವರ್ ಜೀಪು ಸ್ಟಾರ್ಟ್ ಮಾಡಿದ.

ಆಮೇಲೆ ಒಳಗೆ ಹೋದದ್ದು ನೆನಪಿದೆ. ಜೋಲಿಯಿಂದ ಪಾಂಡಿಯನ್ನು ಎತ್ತಿಕೊಂಡದ್ದು. ಬಿಸಿ ಮೈ, ಒದ್ದೆ ಬಟ್ಟೆ. ಜೀಪಿನ ಮುಂದೆ ಹೋಗಿ ನಿಂತು ಕೂಗಿದೆ — ನಮ್ಮ ಮನೆ ತಮಿಳಲ್ಲಿ, ಆ ಗುಮಾಸ್ತರ ತಮಿಳಲ್ಲಿ. ‘ಇಳಿ! ಮಗು ಇಲ್ಲೇ ಇದೆ. ಸುಳ್ಳು ಹೇಳ್ತಿದಾರೆ. ಇಳಿ ಕೆಳಗೆ!’ ಆ ತಮಿಳಿಗೆ ಇವರ ಕಾಲು ತಾನಾಗೇ ಏಳುತ್ತದೆ. ಎದ್ದಿತು. ಕ್ಯಾಂಪಿನವನು ರಟ್ಟೆ ಹಿಡಿಯುವ ಮುನ್ನವೇ ಕೆಳಗೆ ಹಾರಿದ. ಮಗುವನ್ನು ಅವನ ಎದೆಗೆ ಒತ್ತಿದೆ. ಅಷ್ಟರಲ್ಲಿ ಮಕ್ಕಳೆಲ್ಲ ಹೊರಗೆ ಬಂದು ಸುತ್ತುಗಟ್ಟಿದ್ದರು, ಊರಿನವೂ ಸಿಲೋನಿನವೂ. ಅವುಗಳ ಮೇಲೆ ಜೀಪು ಹಾಯಿಸುವಂತಿಲ್ಲ.

‘ಏನ್ರೀ ಮಾಡಿದ್ರಿ?’ ಎಂದರು ಅನಂತರಾಮು ಸರ್. ಕೂಗಲಿಲ್ಲ. ಅದೇ ಹೆಚ್ಚು ಹೆದರಿಕೆ ತಂದಿತು.

ವೇಲು ಕಬ್ಬಿನ ಅಂಚಿನಲ್ಲಿ ನಿಂತು ತಿರುಗಿದ. ‘ಗಂಟೆ ನೀವೇ ಹೊಡೆದಿರಾ ಟೀಚರಮ್ಮ? ಎರಡು ಸಲವೂ?’

ಹೌದು ಎಂದೆ.

ಒಳಗೆ ನುಗ್ಗಿದ. ಗರಿ ಮುಚ್ಚಿಕೊಂಡಿತು.

೨೯ ನವೆಂಬರ್, ಸೋಮವಾರ

ಜೋಲಿಗಳು ಖಾಲಿ. ಗುಡಿಸಲ ಮಕ್ಕಳು ಒಂದೂ ಬರುವುದಿಲ್ಲ. ಬಾವಿಯ ಹತ್ತಿರ ಮೂಕಾಯಿ ಕಂಡಳು. ಕೊಡ ಅರ್ಧವೇ ತುಂಬಿತ್ತು, ಎತ್ತಿಕೊಂಡು ಹೊರಟೇಬಿಟ್ಟಳು.

ನ್ಯಾಯವೇ. ಹೊಡೆಯುವುದಿಲ್ಲ ಎಂದು ಕೈ ಕಟ್ಟಿ ನಿಂತಿದ್ದರೆ ಏನಾಗುತ್ತಿತ್ತು? ಆಮೇಲೆ ಆಗಿದ್ದೇ ಮೊದಲೇ ಆಗುತ್ತಿತ್ತು. ಎರಡೂ ಕಡೆ ಒಳ್ಳೆಯವಳಾಗಲು ಹೋದೆ. ಥೂ.

೩ ಡಿಸೆಂಬರ್, ಶುಕ್ರವಾರ

ಪುಟ್ಟಮಾದಮ್ಮನೂ ಮಾತು ಬಿಟ್ಟಿದ್ದಳು. ಇವತ್ತು ಒಮ್ಮೆಗೇ ಎಲ್ಲ ಬಂತು. ಜೀಪು ಈಗ ಊರಿನೊಳಗೇ ತಿರುಗುತ್ತದೆ. ಅವಳ ಮಗ ಸಿದ್ದರಾಮು ಹೊಲದಲ್ಲೇ ಮಲಗುತ್ತಾನೆ. ಮದುವೆಯಾಗಿ ಇನ್ನೂ ವರ್ಷವಾಗಿಲ್ಲ.

‘ಅವ್ರುನ್ ಉಳ್ಸುದ್ರಿ, ಸರಿ. ನಮ್ ಸಿದ್ದ್ರಾಮುನ್ ಇಡ್ಕೊಂಡೋದ್ರೆ ಯಾವ್ ಜೀಪ್ ಮುಂದ್ ನಿಂತ್ಕತ್ತೀರಿ ಟೀಚರಮ್ಮ?’

ಅದಕ್ಕೂ ನಿಲ್ಲುತ್ತೇನೆ ಎಂದೆ. ‘ನಿಂತ್ಕತ್ತೀರಿ ಬುಡಿ, ಗೊತ್ತದೆ’ ಎಂದು ಸೆರಗಿನಿಂದ ಮೂಗು ಒರೆಸಿಕೊಂಡಳು. ಸ್ವಲ್ಪ ಹೊತ್ತಿನ ಮೇಲೆ ಒಂದು ಬಟ್ಟಲು ಹುರುಳಿ ಸಾರು ತಂದಿಟ್ಟಳು. ಅದನ್ನೂ ತಿಂದೆ. ಈಗ ಯಾರ ಮನೆಯದಾದರೂ ಸರಿ.

೮ ಡಿಸೆಂಬರ್, ಬುಧವಾರ

ಮಳವಳ್ಳಿಗೆ ಕರೆಸಿದ್ದರು. ಅನಂತರಾಮು ಸರ್ ಕೂರಿ ಎಂದರು, ಕೂರಲಿಲ್ಲ. ‘ಸಸ್ಪೆಂಡ್ ಅಂತಿದ್ರು. ಅಷ್ಟು ಬೇಡ ಅಂತ ಕೈ ಮುಗಿದೆ. ನಾಗಮಂಗಲ. ಸೋಮವಾರ ಅಲ್ಲಿ ರಿಪೋರ್ಟ್ ಮಾಡ್ಕೊಳ್ಳಿ.’

ಇಲ್ಲಿಗೆ ಯಾರು ಬರುತ್ತಾರೆ ಎಂದೆ.

‘ಚೌಡಯ್ಯನೋರು ಯಾರನ್ನೋ ಹೇಳಿದಾರೆ. ಅವರ ಕಡೆಯವರೇ.’

ಚೌಡಯ್ಯನವರ ಕಡೆಯವರ ಕೈಗೆ ಆ ಕಂಬಿ. ಬಸ್ಸಿನಲ್ಲಿ ಬರುತ್ತ ಅಮ್ಮನ ಚಿಂತೆ ಬರಬೇಕಿತ್ತು. ಬಂದದ್ದು ಇದು.

೧೦ ಡಿಸೆಂಬರ್, ಶುಕ್ರವಾರ

ಗುಡಿಸಲಿಗೆ ಹೋದೆ, ಹೇಳಿ ಬರೋಣ ಎಂದು. ಯಾರೂ ಕೂರು ಎನ್ನಲಿಲ್ಲ. ಒಲೆ ಮೇಲೆ ನೀರು ಕುದಿಯುತ್ತಿತ್ತು, ಲೋಟ ಬರಲಿಲ್ಲ. ಚೆಲ್ಲಮ್ಮ ಒಳಗಿನಿಂದ ಇಣುಕಿದಳು, ರಾಸಾತಿ ಕೈ ಹಿಡಿದು ಎಳೆದುಕೊಂಡಳು. ಪಾಂಡಿಗೆ ಹೇಗಿದೆ ಎಂದು ಕೇಳಿದೆ. ಬಿಟ್ಟಿತು ಎಂದ ವೇಲು. ಜ್ವರ ಬಿಟ್ಟಿತು ಎಂದು.

ಮೂಕಾಯಿಯ ಕಾಲ ಹತ್ತಿರ ನೆಲದ ಮೇಲೆ ಕೂತುಬಿಟ್ಟೆ. ‘ತಪ್ಪಾಯ್ತು. ಹೊಡೆಯಬಾರದಿತ್ತು’ ಎಂದೆ. ಕನ್ನಡದಲ್ಲೇ. ಅವಳು ನನ್ನನ್ನೇ ನೋಡುತ್ತ ಕೂತಳು. ಟ್ರಾನ್ಸ್‌ಫರ್ ವಿಷಯ ಹೇಳದೆಯೇ ಎದ್ದು ಬಂದೆ.

೧೧ ಡಿಸೆಂಬರ್, ಶನಿವಾರ

ಬೆಳಿಗ್ಗೆ ಟ್ರಂಕಿಗೆ ಸೀರೆ ತುಂಬುತ್ತಿದ್ದೆ. ಹೊರಗೆ ಪುಟ್ಟಮಾದಮ್ಮನ ಗಲಾಟೆ. ‘ಬಂದವ್ಳೆ ಕಣಮ್ಮ! ಬಂದವ್ಳೆ, ಬನ್ನಿ ಬೇಗ!’

ಮೂಕಾಯಿ. ಕೈಯಲ್ಲಿ ಹಳೆಯ ಸೀಮೆಎಣ್ಣೆ ಡಬ್ಬ, ಒಂದು ಕೋಲು. ಜಗಲಿ ಮೇಲೆ ಇಟ್ಟಳು.

‘ಆ ಕಂಬಿ ಯಾರು ಹೊಡೆದರೂ ಒಂದೇ ಸದ್ದು. ಅದು ನಮಗೆ ಬೇಡ. ತೋಟದಲ್ಲಿ ಮಗುವಿಗೆ ಏನಾದರೂ ಆದರೆ ಆಯಾ ಡಬ್ಬ ಬಡಿಯೋಳು. ಅವಳು ಬಡಿಯೋ ರೀತಿ ನಮಗೆಲ್ಲ ಗೊತ್ತಿತ್ತು. ಬೇರೆ ಯಾರೇ ಬಡಿದರೂ ಕೊಯ್ಯೋ ಕೈ ನಿಲ್ತಿರಲಿಲ್ಲ. ನೀವು ಬಡೀರಿ.’

ನನಗೆ ತಿಳಿಯಲಿಲ್ಲ. ಬಡಿಯಿರಿ ಎಂದಳು ಮತ್ತೆ. ಬಡಿದೆ.

ಆಗ ನೋಡಿದೆ — ಅವರೆಲ್ಲ ಕಬ್ಬಿನ ಬದುವಿನ ಮೇಲೆ ಸಾಲಾಗಿ ನಿಂತಿದ್ದಾರೆ. ಗಂಡಸರು, ಹೆಂಗಸರು, ಕಿವಿ ಕೊಟ್ಟು. ವೇಲು ಕೊನೆಯಲ್ಲಿ. ಮೂಕಾಯಿ ಅವರ ಕಡೆ ಕೈ ಮಾಡಿದಳು. ಒಬ್ಬಳು ಕೈ ಬೀಸಿದಳು, ಇನ್ನೊಂದು ಸಲ ಎಂದು. ಮತ್ತೆ ಬಡಿದೆ. ಮತ್ತೆ. ನಾನು ಎರಡು ಏಟು ಬಿರುಸಾಗಿ, ಮೂರನೆಯದು ಮೆತ್ತಗೆ ಬಡಿಯುತ್ತೇನಂತೆ. ನನಗೇ ಗೊತ್ತಿರಲಿಲ್ಲ. ಮೂಕಾಯಿ ಪುಟ್ಟಮಾದಮ್ಮನ ಕೈಗೆ ಕೋಲು ಕೊಟ್ಟು ಬಡಿಸಿದಳು. ಬದುವಿನಿಂದ ‘ಇಲ್ಲ ಇಲ್ಲ’ ಎಂದು ಕೂಗಿ ನಕ್ಕರು. ಮತ್ತೆ ನಾನು. ವೇಲು ತಲೆಯಾಡಿಸಿದ.

‘ಕಲಿತರು’ ಎಂದಳು ಮೂಕಾಯಿ. ‘ಇನ್ನು ಇದನ್ನು ನೀವೊಬ್ಬರೇ ಬಡೀಬೇಕು. ಬೇರೆ ಯಾರು ಬಡಿದರೂ ನಾವು ಬರಲ್ಲ. ಸೋಮವಾರದಿಂದ ಮಕ್ಕಳು ಬರ್ತವೆ.’

ಸೆರಗಿನ ಗಂಟು ಬಿಚ್ಚಿ ಬೆಲ್ಲದ ಚೂರು ತೆಗೆದು ನನ್ನ ಅಂಗೈ ಮೇಲೆ ಇಟ್ಟಳು. ಪುಟ್ಟಮಾದಮ್ಮ ನನ್ನ ಮುಖ ನೋಡಿದಳು. ಟ್ರಂಕು ಕಂಡಿದ್ದಾಳೆ. ತುಟಿ ಬಿಚ್ಚಲಿಲ್ಲ. ನಾನೂ ಬಿಚ್ಚಲಿಲ್ಲ.

ಡಬ್ಬ ಈಗ ಟ್ರಂಕಿನ ಪಕ್ಕದಲ್ಲೇ ಇದೆ. ನಾಳೆ ಮಧ್ಯಾಹ್ನ ಬಸ್ಸು. ಬೆಳಿಗ್ಗೆಯೇ ಹೋಗಿ ಹೇಳಬೇಕು. ಹೇಳದೆ ಹೋದರೆ ಸೋಮವಾರ ಮಕ್ಕಳು ಬರುತ್ತವೆ, ಪಾಂಡಿ ಜೋಲಿಯಲ್ಲಿರುತ್ತಾನೆ, ಇವರು ನಿಶ್ಚಿಂತೆಯಾಗಿ ಕಬ್ಬಿನೊಳಗೆ… ಹೇಳಲೇಬೇಕು. ಕನ್ನಡದಲ್ಲೇ ಹೇಳುತ್ತೇನೆ. ಮೂಕಾಯಿ, ನೀವೆಲ್ಲ ನಿಂತು ಕಲಿತಿರಲ್ಲ, ಆ ಕೈ ಸೋಮವಾರ ಇಲ್ಲಿ…